ಅಚ್ಚುಕಟ್ಟಾದ ಬೆರಳಚ್ಚಿಗಾಗಿ

"ಎತ್ತಿ, ಎತ್ತಿ... ಗೋಡೆಗೆ ತಾಗಿಸ್ಬೇಡಿ, ಹೋದ ತಿಂಗಳಷ್ಟೇ ಬಣ್ಣ ಹೊಡೆಸಿದ್ದು!"

ಆರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಬ್ಬರು ಮೂರನೇ ಮಹಡಿಗೆ ಏರಿಸುತ್ತಿದ್ದರು. ಮೇಲಿನಿಂದ ಕೂಗುತ್ತಿದ್ದವನು ಸತ್ತವರ ಭಾವಮೈದ. ಸಾವಿನ ಮನೆಯಲ್ಲಿ ಕುರ್ಚಿ ಹೊರುವವರಿಗಿಂತ ಹೇಗೆ ಹೊರಬೇಕೆಂದು ಹೇಳುವವರೇ ಹೆಚ್ಚು. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿಗಳ ಹಿಂದೆ ಸಿಕ್ಕಿಕೊಂಡು, ಏರಲೂ ಆಗದೆ ಇಳಿಯಲೂ ಮನಸ್ಸಾಗದೆ ನಿಂತಿದ್ದರು ಮೇಡಂ.

ಗಣಿತ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಅವರು ಎಲ್ಲರಿಗೂ ಮೇಡಮ್ಮೇ. ಈಗಲೂ ಹಿಂದೆ ತಿರುಗಿ ಹೊರಟುಬಿಡಬಹುದಿತ್ತು. ಬಂದಿದ್ದೆ, ಜನ ಬಹಳ ಇದ್ದರು, ಒಳಗೆ ಹೋಗಲಾಗಲಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳಬಹುದಿತ್ತು. ಈ ಮನೆಗೆ ಬಾರದಿರಲು ಮೂವತ್ತೆಂಟು ವರ್ಷಗಳಿಂದ ಅವರು ಇಂಥ ಕಾರಣಗಳನ್ನು ಕಟ್ಟುತ್ತಲೇ ಬಂದಿದ್ದರು. ಆದರೆ ಇವತ್ತು ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಹೊಂದಿಸಿಕೊಂಡದ್ದು ಬೇರೆ ಮಾತು. ಹೇಳಬೇಕಾದ ಮನುಷ್ಯನಿಗೆ ಇನ್ನು ಹೇಳಲಿಕ್ಕಾಗದು, ಅವರ ಮನೆಯವರಿಗಾದರೂ ಹೇಳಬೇಕು.

"ಅಯ್ಯೋ, ಮೇಡಂ! ನೀವೇ ಬಂದ್ರಾ?" ಭಾವಮೈದ ಕಟಕಟೆಯ ಮೇಲಿಂದ ಬಗ್ಗಿದ. "ಏ, ಕುರ್ಚಿ ಸರಿಸ್ರೋ, ಮೇಡಂಗೆ ದಾರಿ ಬಿಡಿ. ಭಾವ ಪುಣ್ಯ ಮಾಡಿದ್ರು ಬಿಡಿ, ನೀವು ಬಂದ್ರಲ್ಲ."

ಅಲ್ಲಿಗೆ ಹಿಂದಿರುಗುವ ದಾರಿ ಮುಚ್ಚಿತು.

ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆಮನೆ. ಊಟದ ಮೇಜನ್ನು ಗೋಡೆಗೆ ಒತ್ತರಿಸಿ, ಆ ಜಾಗದಲ್ಲಿ ಮಂಚ ಹಾಕಿ ತೀರಿಕೊಂಡವರನ್ನು ಮಲಗಿಸಿದ್ದರು. ಬಿಳಿ ಹೊದಿಕೆ ಎದೆಯವರೆಗೆ, ಕೈಗಳು ಹೊದಿಕೆಯ ಮೇಲೆ. ಮುಖ ಯಾರದೋ ಎಂಬಷ್ಟು ಸಣ್ಣಗಾಗಿತ್ತು. ಬೆರಳುಗಳು ಮಾತ್ರ ಹಾಗೇ ಇದ್ದವು, ನೀಳವಾಗಿ, ಉಗುರು ನೀಟಾಗಿ ಕತ್ತರಿಸಿಕೊಂಡು.

ವಿಶ್ವವಿದ್ಯಾಲಯದ ಟೈಪಿಸ್ಟರಾಗಿದ್ದ ಅವರನ್ನು ಬೆನ್ನ ಹಿಂದೆ ಎಲ್ಲರೂ 'ಒಂಚೂರು' ಎನ್ನುತ್ತಿದ್ದರು. ಟೈಪಿಗೆ ಬಂದ ಹಸ್ತಪ್ರತಿಯಲ್ಲಿ ತಪ್ಪು ಕಂಡರೆ ಅದನ್ನು ತಪ್ಪು ಎನ್ನುವ ಜಾಯಮಾನ ಅವರದಲ್ಲ. ಬರೆದವರ ಮುಂದೆ ಬಂದು ನಿಂತು, ಪೆನ್ಸಿಲ್ಲಿನ ಮೊನೆಯನ್ನು ಕಾಗದಕ್ಕೆ ತಾಗಿಸದೆ ಹಿಡಿದು, "ಒಂಚೂರು ಇಲ್ಲಿ ನೋಡ್ತೀರಾ?" ಎನ್ನುತ್ತಿದ್ದರು. ನೋಡಿದರೆ ಅಲ್ಲೊಂದು ತಪ್ಪು ಇದ್ದೇ ಇರುತ್ತಿತ್ತು.

ಮಂಚದ ಪಕ್ಕ ಕುಳಿತಿದ್ದ ಅವರ ಹೆಂಡತಿ ತಲೆಯೆತ್ತಿದರು. ಅತ್ತು ಮುಗಿಸಿದ ಮುಖ.

"ಬನ್ನಿ ಮೇಡಂ. ಆಸ್ಪತ್ರೇಲಿದ್ದಾಗ ಪೇಪರಲ್ಲಿ ನಿಮ್ಮ ಫೋಟೋ ಬಂದಿತ್ತು, ಅದೇನೋ ಪ್ರಶಸ್ತಿ ಬಂತಲ್ಲ ನಿಮಗೆ. ನರ್ಸಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ನಮ್ಮ ವಿಭಾಗದೋರು, ನಮ್ಮ ವಿಭಾಗದೋರು ಅಂತ."

ಟೈಪಿಸ್ಟರು ಗಣಿತ ವಿಭಾಗವನ್ನು ಬಿಟ್ಟು ಮೂವತ್ತೆಂಟು ವರ್ಷವಾಗಿತ್ತು. ಬಿಟ್ಟದ್ದಲ್ಲ, ಬಿಡಿಸಿದ್ದು. ಹೊಂದಿಸಿಕೊಂಡು ಬಂದ ಮಾತನ್ನು ಆಡದೆಯೇ ಮೇಡಂ ಕೈಮುಗಿದು ಹೊರಗೆ ಬಂದುಬಿಟ್ಟರು.

ಹೊರಗಿನ ಕಾರಿಡಾರಿನಲ್ಲಿ ಹಳೆಯ ಕಚೇರಿಯ ಏಳೆಂಟು ಪಿಂಚಣಿದಾರರು ಸಾಲಾಗಿ ಕುಳಿತಿದ್ದರು. ವ್ಯಾನು ಎರಡು ಗಂಟೆಗೆ ಬರುವುದಿತ್ತು, ಈಗಿನ್ನೂ ಒಂದೂಕಾಲು. ದುಃಖಕ್ಕೂ ಒಂದು ಹೊತ್ತಿರುತ್ತದೆ, ಅದಾದ ಮೇಲೆ ಮಾತು ಬೇಕು. ಮಾತಿನ ಮುಂದಾಳತ್ವ ಪ್ರವೇಶ ವಿಭಾಗದ ಹಳೆಯ ಸೂಪರಿಂಟೆಂಡೆಂಟರದು. ಮೇಡಂ ಬಂದದ್ದೇ ಅವರು ಎದ್ದು ತಮ್ಮ ಕುರ್ಚಿ ಕೊಟ್ಟರು.

"ನನ್ನ ಕೈಕೆಳಗೆ ಹತ್ತೊಂಬತ್ತು ವರ್ಷ ಇದ್ದ ಮನುಷ್ಯ, ಮೇಡಂ. ಹೆಸರು, ವಿಳಾಸ, ಹೆಸರು, ವಿಳಾಸ. ಲಕ್ಷಗಟ್ಟಲೆ ಟೈಪ್ ಮಾಡಿದಾನೆ. ಒಂದು ಅಕ್ಷರ ತಪ್ಪಬೇಕಲ್ಲ? ಊಹೂಂ. ನಾನೂ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹುಡುಕ್ತಿದ್ದೆ, ಒಂದಾದ್ರೂ ಸಿಗಲಿ, ಸ್ವಲ್ಪ ರೇಗಿಸೋಣ ಅಂತ."

"ಸಿಕ್ತಾ?" ಎಂದರು ಪಕ್ಕದವರು, ಉತ್ತರ ಗೊತ್ತಿದ್ದೂ.

"ಎಲ್ಲಿಂದ ಸಿಗುತ್ತೆ? ಜೀವಮಾನದ ಕೋಟಾನೆಲ್ಲ ಮೇಡಂ ಥೀಸಿಸ್ಸಲ್ಲೇ ಮುಗಿಸಿ ಬಂದಿದ್ನಲ್ಲ! ಒಂದು ಸಾಲು ಬಿಟ್ಟ, ನಮ್ಮ ಪಾಲಿಗೆ ಬಂದ."

ಸಾವಿನ ಮನೆಯಲ್ಲಿ ನಗುವ ಹಾಗೆ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗದೆ ಕುಳಿತಿದ್ದವರು ಇಬ್ಬರು: ಮೇಡಂ, ಮತ್ತು ಮೂಲೆಯ ಕುರ್ಚಿಯಲ್ಲಿದ್ದ ವಿಶ್ವವಿದ್ಯಾಲಯದ ಮುದಿ ಬೈಂಡರ್. ಬೈಂಡರಿಗೆ ಕಿವಿ ಮಂದ. ಮೇಡಂಗೆ ಚೆನ್ನಾಗಿಯೇ ಕೇಳಿಸಿತ್ತು.

* * *

ಆಗ ಗಣಿತ ವಿಭಾಗದ ಮೆಟ್ಟಿಲ ಕೆಳಗಿನ ಜಾಗಕ್ಕೆ ಬಾಗಿಲು ಹಚ್ಚಿ ಅದನ್ನು ಟೈಪಿಂಗ್ ಕೋಣೆ ಎಂದು ಕರೆದಿದ್ದರು. ಎತ್ತರದವರು ತಲೆ ಬಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ಒಂದು ಕಿಟಕಿ, ಒಂದು ಯಂತ್ರ, ಕಾರ್ಬನ್ ಹಾಳೆಯ ವಾಸನೆ. ಯಂತ್ರದಲ್ಲಿ ಅನುಕಲನದ, ಅಂದರೆ ಇಂಟಿಗ್ರೇಷನ್ನಿನ, ಚಿಹ್ನೆ ಇರಲಿಲ್ಲ. ಟೈಪಿಸ್ಟರು ಅಷ್ಟು ಜಾಗವನ್ನು ಎಣಿಸಿ ಖಾಲಿ ಬಿಡುತ್ತಿದ್ದರು. ಪುಟ ಮುಗಿದ ಮೇಲೆ ಹಾಳೆಯನ್ನು ಕಿಟಕಿಯ ಬಳಿ ಒಯ್ದು, ಕಪ್ಪು ಶಾಯಿಯ ಪೆನ್ನಿನಿಂದ ಆ ಉದ್ದನೆಯ ಕೊಕ್ಕೆಯನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿಗೆ ಎಳೆಯುತ್ತಿದ್ದರು. ಐದು ಪ್ರತಿ ಎಂದರೆ ಐದು ಸಲ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಐದೂ ಒಂದೇ ಕಾಣುತ್ತಿತ್ತು.

ಮೇಡಂ ಆಗ ಇಪ್ಪತ್ತೇಳರ ಸಂಶೋಧನಾ ವಿದ್ಯಾರ್ಥಿನಿ. ಸೇತುವೆಯ ತೊಲೆಗಳು ಹೇಗೆ ನಡುಗುತ್ತವೆ ಎಂಬುದು ವಿಷಯ. ನಾಲ್ಕು ತಿಂಗಳಿಂದ ಒಂದೇ ಸಮೀಕರಣದ ಮುಂದೆ ಕುಳಿತು ಕೈಚೆಲ್ಲುವ ಹಂತಕ್ಕೆ ಬಂದಿದ್ದರು. ಮಾರ್ಗದರ್ಶಕರು ಕಡ್ಡಿ ಮುರಿದ ಹಾಗೆ ಹೇಳಿದ್ದರು, "ಆಗೋದಿದ್ರೆ ಮಾಡಿ, ಇಲ್ಲಾಂದ್ರೆ ವಿಷಯ ಬದಲಾಯಿಸಿ." ಆ ದಿನ ಎರಡನೇ ಅಧ್ಯಾಯವನ್ನು ಟೈಪಿಗೆ ಕೊಡಲು ಹೋದವರು ಹಾಳೆಗಳ ನಡುವೆ ತಮ್ಮ ಕಚ್ಚಾ ಕಾಗದವನ್ನೂ ಸೇರಿಸಿ ಕೊಟ್ಟುಬಿಟ್ಟಿದ್ದರು.

"ಒಂಚೂರು ಇಲ್ಲಿ ನೋಡ್ತೀರಾ?" ಎಂದರು ಟೈಪಿಸ್ಟರು. "ಇದು ಟೈಪಿಗಲ್ಲ ಅನ್ಸುತ್ತೆ. ಆದ್ರೂ ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಇಲ್ಲಿ ಎರಡು ಫಂಕ್ಷನ್ನು ಪಕ್ಕಪಕ್ಕ ಇದೆ. ಒಬ್ಬನ ಮೇಲೇ ನಾಲ್ಕು ಡೆರಿವೇಟಿವ್ ಬಿದ್ದಿದೆ. ಪಕ್ಕದೋನು ಕೈ ಬೀಸ್ಕೊಂಡು ನಿಂತಿದಾನೆ. ಬೈ ಪಾರ್ಟ್ಸ್ ಮಾಡಿ, ಎರಡು ಸಲ. ಎರಡನ್ನ ಇವನಿಗೆ ದಾಟಿಸಿದ್ರೆ ಇಬ್ಬರೂ ನಡೀತಾರಲ್ಲ?"

"ನಿಮಗೆ ಇದು ಹೇಗೆ..."

"ಹನ್ನೊಂದು ಥೀಸಿಸ್ ಟೈಪ್ ಮಾಡಿದೀನಿ," ಎಂದು ಅವರು ನಾಚಿಕೊಂಡರು. "ಡಿಗ್ರಿ ಒಂದೇ ವರ್ಷ ಓದಿದ್ದು. ಅಪ್ಪ ತೀರ್ಕೊಂಡ್ರು, ಬಿಟ್ಟೆ. ಟೈಪ್ ಮಾಡ್ತಾ ಮಾಡ್ತಾ ಕೈಗೆ ಗೊತ್ತಾಗುತ್ತೆ. ತಲೆಗೆ ಆಮೇಲೆ."

ಬೈ ಪಾರ್ಟ್ಸ್, ಅಂದರೆ ಭಾಗಶಃ ಅನುಕಲನ, ಹದಿನೆಂಟರ ಹುಡುಗರೂ ಕಲಿಯುವ ಪಾಠ. ಅದನ್ನು ಇಲ್ಲಿ ಹೂಡಬಹುದೆಂದು ನಾಲ್ಕು ತಿಂಗಳಲ್ಲಿ ಮೇಡಂಗೆ ಹೊಳೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು ಮಾಡಿ ನೋಡಿದರು. ಒಂದು ಗಂಟೆಯಲ್ಲಿ ಸಮೀಕರಣ ಮಗ್ಗುಲು ಬದಲಾಯಿಸಿ ಹಗುರಾಗಿ ನಿಂತಿತು. ಅದರ ನಂತರ ಪ್ರತಿ ಬುಧವಾರ ಆ ಕೋಣೆಗೆ ಹೋಗುವುದು ರೂಢಿಯಾಯಿತು. ಆರು ಅಧ್ಯಾಯಗಳ ಸಮೀಕರಣಗಳೆಲ್ಲ ಹೊಸ ರೂಪಕ್ಕೆ ಬಂದದ್ದು ಟೈಪಿಸ್ಟರ ಮೇಜಿನ ಮೂಲೆಯಲ್ಲಿ, ಅವರ ಪೆನ್ಸಿಲ್ಲಿನ ಮೊನೆ ತೋರಿಸಿದ ಕಡೆಯೆಲ್ಲ. ಮುಂದೆ ಅದಕ್ಕೆ ಮೇಡಂ ಅವರ ವಿಧಾನ ಎಂದೇ ಹೆಸರಾಯಿತು.

ಕೊನೆಗೆ ಕೃತಜ್ಞತೆಯ ಪುಟ. ಮಾರ್ಗದರ್ಶಕರು, ತಂದೆತಾಯಿ, ಗ್ರಂಥಾಲಯದವರು, ಹಾಸ್ಟೆಲಿನ ಗೆಳತಿಯರು, ಎಲ್ಲರಿಗೂ ಒಂದೊಂದು ಸಾಲು. ಕಟ್ಟಕಡೆಗೆ, 'ಅಚ್ಚುಕಟ್ಟಾದ ಬೆರಳಚ್ಚಿಗಾಗಿ ವಿಭಾಗದ ಟೈಪಿಸ್ಟರಿಗೆ ವಂದನೆಗಳು.' ಟೈಪಿಸ್ಟನಿಂದ ಗಣಿತ ಕಲಿತೆ ಎಂದು ಬರೆದರೆ ಮಾರ್ಗದರ್ಶಕರು ಏನೆಂದಾರು? ನಾಳೆ ಕೆಲಸ ಕೊಡುವವರು ಏನೆಂದಾರು? ಆ ಹಾಳೆಯನ್ನು ಕೊಟ್ಟು ಅವರು ಹೊರಗಿನ ಬೆಂಚಿನ ಮೇಲೆ ಕುಳಿತರು. ಯಂತ್ರದ ಸದ್ದು ಆ ಸಾಲಿನ ಬಳಿ ತಡವರಿಸುತ್ತದೇನೋ ಎಂದು ಕಿವಿಗೊಟ್ಟರು. ಇಲ್ಲ, ಒಂದೇ ಓಟದಲ್ಲಿ ಮುಗಿಯಿತು.

"ಒಂಚೂರು ಇಲ್ಲಿ ನೋಡ್ತೀರಾ?"

ಮೇಡಂ ದಡಕ್ಕನೆ ಎದ್ದರು. ಒಳಗೆ ಹೋದರು.

"ಗ್ರಂಥಾಲಯದೋರ ಹೆಸರಾದ ಮೇಲೆ ಒಂದು ಅಲ್ಪವಿರಾಮ ಬೇಕು," ಎಂದರು ಟೈಪಿಸ್ಟರು. "ಹಾಕ್ಲಾ?"

* * *

"ಮೇಡಂ, ಒಂದು ನಿಮಿಷ ಒಳಗೆ ಬರ್ತೀರಾ?"

ಬಾಗಿಲಲ್ಲಿ ಟೈಪಿಸ್ಟರ ಹೆಂಡತಿ ನಿಂತಿದ್ದರು. ಅಡುಗೆಮನೆಯಲ್ಲಿ ಮಗಳು ಲೋಟ ತೊಳೆಯುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನಲವತ್ತರ ಹೆಂಗಸು, ಅಪ್ಪನದೇ ಬೆರಳು. "ನೀನು ಅಪ್ಪನ ಹತ್ರ ಕೂತ್ಕೋ ಹೋಗು," ಎಂದು ತಾಯಿ ಅವಳನ್ನು ಕಳಿಸಿದರು. ನಲ್ಲಿ ಪೂರ್ತಿ ನಿಲ್ಲದೆ ತೊಟ್ಟಿಕ್ಕುತ್ತಿತ್ತು.

"ನಾನು ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು. ಇವತ್ತು ಬಿಟ್ರೆ ಆಗಲ್ಲ."

"ಕೇಳಿ ಅಮ್ಮಾ." ಗೊತ್ತಾಗಿಹೋಗಿದೆ ಎಂದುಕೊಂಡರು ಮೇಡಂ. ಭಯದ ಜೊತೆಗೆ ಒಂದು ಬಗೆಯ ನಿರಾಳವೂ ಆಯಿತು.

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ ಆ ಎರಡೂ ಕೈ ಜೋಡಿಸಿದರು.

"ನಿಮ್ಮ ಪುಸ್ತಕದಲ್ಲಿ ಇವರು ಒಂದು ಸಾಲು ಬಿಟ್ರಂತಲ್ಲ. ಎಷ್ಟು ವರ್ಷ ಕಷ್ಟಪಟ್ಟು ಬರ್ದಿದ್ರೋ ಏನೋ. ಇವರಿಂದ ನಿಮಗೆ ಎಲ್ಲರ ಮುಂದೆ ತೊಂದ್ರೆ ಆಯ್ತು. ನಿಮ್ಮ ಹತ್ರ ಹೋಗಿ ಕ್ಷಮೆ ಕೇಳ್ಕೊಂಡು ಬನ್ನಿ ಅಂತ ಎಷ್ಟು ಸಲ ಬಡ್ಕೊಂಡೆ. ಹೂಂ ಅನ್ನೋರು, ಹೋಗ್ತಿರ್ಲಿಲ್ಲ. ಅಷ್ಟೊಂದು ಬಿಗುಮಾನ ಇರ್ಬಾರ್ದಿತ್ತು. ಅವರ ಪರವಾಗಿ ನಾನು ಕೇಳ್ತಿದೀನಿ. ಹೊಟ್ಟೇಲಿ ಹಾಕ್ಕೊಳ್ಳಿ."

ಮೇಡಂ ಆ ಜೋಡಿಸಿದ ಕೈಗಳನ್ನು ನೋಡಿದರು. ಕೈ ಹಿಡಿದು ಕೆಳಗಿಳಿಸಬೇಕು ಅನಿಸಿತು, ಮುಟ್ಟುವ ಯೋಗ್ಯತೆ ಇಲ್ಲವೆಂದೂ ಅನಿಸಿತು.

"ನಾನೂ ಸುಮ್ನಿರ್ಲಿಲ್ಲ ಬಿಡಿ," ಆಕೆ ಮುಂದುವರಿಸಿದರು. "ಅಂಗಡಿಯಿಂದ ಬರುವಾಗ ಏನಾದ್ರೂ ಮರೆತ್ರೆ, 'ಇವತ್ತೂ ಒಂದು ಸಾಲು ಬಿಟ್ಟು ಬಂದ್ರಾ?' ಅಂತಿದ್ದೆ. ನಾನು ಏನಾದ್ರೂ ಮರೆತು ಅವರು ಹೇಳೋಕೆ ಬಂದ್ರೆ, 'ಸಾಲು ಬಿಟ್ಟೋರು ನನಗೆ ಹೇಳ್ಬೇಡಿ' ಅಂತಿದ್ದೆ. ಮಗಳಿಗೂ ಅದೇ ಮಾತು ಬಂತು. ಅವರು ನಗ್ತಿದ್ರು. ಅಲ್ಲಿ ಪ್ರವೇಶ ವಿಭಾಗದಲ್ಲಿ ಬರೀ ಹೆಸರು ಹೊಡೀಬೇಕು, ಮನೆಗೆ ಬಂದು ಹಾಳು ಕಾಗದದ ಹಿಂದೆ ಆ ಕೊಕ್ಕೆ ಎಳ್ಕೊಂಡು ಲೆಕ್ಕ ಮಾಡ್ತಾ ಕೂರೋರು. ಯಾರಿಗೆ ಬೇಕಿತ್ತು ಆ ಲೆಕ್ಕ? ಅದಕ್ಕೂ ಬೈತಿದ್ದೆ."

* * *

ಆರನೇ ಅಧ್ಯಾಯದಲ್ಲಿ ತೊಲೆಯ ಒಂದು ತುದಿ ಗೋಡೆಯೊಳಗೆ, ಇನ್ನೊಂದು ತುದಿಗೆ ಒಂದು ಭಾರ. ಭಾಗಶಃ ಅನುಕಲನ ಮಾಡಿದಾಗ ಎರಡು ತುದಿಗಳ ಲೆಕ್ಕ ಬೇರೆಯಾಗಿ ಹೊರಗೆ ಬಂದು ನಿಲ್ಲುತ್ತದೆ. ಹಿಂದಿನ ಅಧ್ಯಾಯಗಳಲ್ಲಿ ಎರಡೂ ತುದಿ ಗೋಡೆಯಲ್ಲಿದ್ದವು, ಆ ಪದ ಸೊನ್ನೆಯಾಗಿತ್ತು. ಅದೇ ಅಭ್ಯಾಸದಲ್ಲಿ ಇಲ್ಲಿಯೂ ಸೊನ್ನೆ ಎಂದು ಮೇಡಂ ಹೊಡೆದುಹಾಕಿದ್ದರು.

"ಒಂಚೂರು ಇಲ್ಲಿ ನೋಡ್ತೀರಾ?" ಎಂದಿದ್ದರು ಟೈಪಿಸ್ಟರು. "ಮನೆ ಬದಲಾಯಿಸುವಾಗ ಸಾಮಾನೆಲ್ಲ ಹೊಸ ಮನೆಗೆ ಹೋಗುತ್ತೆ. ಬಾಗಿಲ ಹತ್ರ ಒಂದೆರಡು ಉಳ್ಕೊಂಡುಬಿಡುತ್ತಲ್ಲ, ಹಾಗೆ ಈ ತುದೀದು. ಇಲ್ಲಿ ಭಾರ ಇದೆ, ಸೊನ್ನೆ ಆಗಲ್ಲ."

ಪ್ರಬಂಧ ಸಲ್ಲಿಸಲು ವಾರ ಉಳಿದಿತ್ತು. ಮೇಡಂ ನಿದ್ದೆಗೆಟ್ಟಿದ್ದರು. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷದಿಂದ ಪ್ರತಿ ಬುಧವಾರ ಆ ಪೆನ್ಸಿಲ್ಲಿನ ಮೊನೆಯನ್ನು ನೋಡಿ ನೋಡಿ ಅವರಿಗೆ ರೋಸಿಹೋಗಿತ್ತು. ಸಹಾಯ ಪಡೆದವರಿಗೆ ಸಹಾಯ ಮಾಡಿದವರ ಮೇಲೆ ಹುಟ್ಟುವ ಒಂದು ಸಿಟ್ಟು ಇದೆ, ಅದು.

"ನೀವು ಟೈಪ್ ಮಾಡಿ ಸಾಕು," ಎಂದರು.

ಕೊಟ್ಟದ್ದನ್ನು ಟೈಪಿಸ್ಟರು ಚಾಚೂ ತಪ್ಪದೆ ಟೈಪ್ ಮಾಡಿದರು. ಮಾರ್ಗದರ್ಶಕರು ಸಹಿ ಹಾಕಿ ತಮ್ಮ ಪ್ರತಿ ಇಟ್ಟುಕೊಂಡರು. ಉಳಿದವು ಬೈಂಡರಿಗೆ ಹೋದವು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಆರನೇ ಅಧ್ಯಾಯವನ್ನು ತೆರೆದು ತಲೆದೂಗಿದರು. "ಇದನ್ನ ಮೆಚ್ಚಿದೆ. ತುದಿಯ ಪದವನ್ನ ಎಲ್ಲರೂ ಸೊನ್ನೆ ಅಂತ ಎಸೀತಾರೆ. ನೀವು ಇಟ್ಕೊಂಡಿದ್ದೀರಿ. ಇಡೀ ಪ್ರಬಂಧ ನಿಂತಿರೋದೇ ಇದರ ಮೇಲೆ." ಮೇಡಂ ತಮ್ಮ ಮುಂದಿನ ಪ್ರತಿಯನ್ನು ನೋಡಿದರು. ಪುಟದಲ್ಲಿ ತಾವು ಬರೆಯದ ಒಂದು ಸಾಲು ಇತ್ತು. ಅದರ ಮುಂದೆ, ಒಂದೇ ಉಸಿರಿಗೆ ಎಳೆದ ಆ ಕೊಕ್ಕೆ.

"ಥ್ಯಾಂಕ್ಯೂ ಸರ್," ಎಂದರು.

ಮಾರ್ಗದರ್ಶಕರ ಪ್ರತಿಯಲ್ಲಿ ಆ ಸಾಲಿರಲಿಲ್ಲ. ಸಹಿಯಾದ ಮೇಲೆ ಒಂದು ಚುಕ್ಕೆಯೂ ಬದಲಾಗಬಾರದೆಂಬ ಮನುಷ್ಯ ಅವರು. ಮರುದಿನ ಟೈಪಿಸ್ಟರನ್ನು ಕರೆಸಿದರು. ಅವರು ಬಂದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು: "ತಪ್ಪು ನಂದು ಸರ್. ಹಸ್ತಪ್ರತೀಲಿ ಆ ಸಾಲಿತ್ತು. ಟೈಪ್ ಮಾಡುವಾಗ ಬಿಟ್ಟುಹೋಯ್ತು. ಆಮೇಲೆ ಗೊತ್ತಾಯ್ತು. ಹೇಳೋಕೆ ಹೆದರಿಕೆಯಾಗಿ, ಬೈಂಡಿಂಗಿನಿಂದ ಪುಟ ತೆಗೆಸಿ ಸೇರಿಸ್ದೆ."

ಮಾರ್ಗದರ್ಶಕರು ಅಲ್ಲೇ ನಿಂತಿದ್ದ ಮೇಡಂ ಕಡೆ ತಿರುಗಿದರು. "ಹೌದಾ? ಹಸ್ತಪ್ರತೀಲಿ ಇತ್ತಾ?"

ಇಲ್ಲ ಎಂದರೆ ಪ್ರಬಂಧದ ಬೆನ್ನೆಲುಬು ಟೈಪಿಸ್ಟರದಾಗುತ್ತಿತ್ತು.

"ಹೌದು," ಎಂದರು ಮೇಡಂ.

ಒಂದೇ ಮಾತು. ಮುಂದಿನ ಸೋಮವಾರ ಟೈಪಿಸ್ಟರು ತಮ್ಮ ಪೆನ್ನು, ಪೆನ್ಸಿಲು, ನೀರಿನ ಬಾಟಲಿ ಎತ್ತಿಕೊಂಡು ಪ್ರವೇಶ ವಿಭಾಗಕ್ಕೆ ಹೋದರು. ಅಲ್ಲಿ ಯಾರ ಹೆಸರಿನಲ್ಲೂ ಅನುಕಲನದ ಚಿಹ್ನೆ ಇರಲಿಲ್ಲ.

* * *

"ಅಮ್ಮಾ, ಕೈ ಇಳಿಸಿ," ಎಂದರು ಮೇಡಂ. "ಅವರು ಯಾವ ಸಾಲೂ ಬಿಟ್ಟಿರ್ಲಿಲ್ಲ."

"ಅಂದ್ರೆ?"

"ಆ ಸಾಲು ನಾನು ಬರೆದೇ ಇರ್ಲಿಲ್ಲ. ಬರೀಬೇಕು ಅಂತ ಅವರು ಹೇಳಿದ್ರು, ನಾನು ಕೇಳ್ಲಿಲ್ಲ. ನನ್ನ ತಪ್ಪನ್ನ ಅವರೇ ಸರಿಮಾಡಿ ಟೈಪ್ ಮಾಡಿದ್ರು. ಆಮೇಲೆ ಕೇಳಿದಾಗ, ತಾವೇ ಬಿಟ್ಟಿದ್ದು ಅಂತ ಹೇಳಿದ್ರು. ನನ್ನನ್ನ ಕೇಳಿದ್ರು. ನಾನು ಹೌದು ಅಂದೆ. ಬರೀ ಆ ಸಾಲಲ್ಲ. ನನ್ನ ಹೆಸರಲ್ಲಿ ಇರೋದೆಲ್ಲ ಅವರು ತೋರಿಸಿಕೊಟ್ಟಿದ್ದು. ನಾನು ಸುಳ್ಳಿ. ಕ್ಷಮೆ ನಾನು ಕೇಳ್ಬೇಕು."

ಆಕೆ ನಲ್ಲಿಯ ಕಡೆ ನೋಡಿದರು. ಅದನ್ನು ಬಿಗಿಯಾಗಿ ತಿರುಗಿಸಿದರು, ತೊಟ್ಟಿಕ್ಕುವುದು ನಿಂತಿತು.

"ಅವತ್ತು ಭಾನುವಾರ," ಎಂದರು ನಿಧಾನವಾಗಿ. "ಪಾರ್ಕಿಗೆ ಅಂತ ಮಗೂನ ಎತ್ಕೊಂಡು ಹೊರಟಿದ್ವಿ. ದಾರೀಲಿ ಬೈಂಡರ್ ಮನೆಗೆ ಹೋಗಿ ಅದೇನೋ ಪುಟ ಬಿಚ್ಚಿಸ್ಕೊಂಡ್ರು. ಐದೇ ನಿಮಿಷ ಅಂತ ಆಫೀಸಿಗೆ ಕರ್ಕೊಂಡು ಹೋದ್ರು. ನಾನು ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಟೈಪ್ ಮಾಡ್ತಾ ಹಾಡ್ಕೊಳ್ತಿದ್ರು. ಅವರಿಗೆ ಹಾಡೋಕೆ ಬರಲ್ಲ, ಮಗು ನಗ್ತಿತ್ತು. ತಪ್ಪು ಮಾಡಿ ಹೆದರ್ಕೊಂಡೋರು ಹಾಡ್ತಾರಾ? ಮೂವತ್ತೆಂಟು ವರ್ಷ ನನಗೆ ಹೊಳೀಲೇ ಇಲ್ಲ ನೋಡಿ."

"ಅಮ್ಮಾ..."

"ನನ್ನ ಬಾಯಿಂದ ಅನ್ನಿಸಿದ್ರಲ್ಲ ಮೇಡಂ. ನನ್ನ ಬಾಯಿಂದ, ನನ್ನ ಮಗಳ ಬಾಯಿಂದ. ನಿನ್ನೆ ಬೆಳಿಗ್ಗೆ ಕೂಡ ಅಂದಿದೀನಿ. ಮಾತ್ರೆ ನುಂಗಿದೀನಿ ಅಂದ್ರು, 'ನೋಡಿ, ಸಾಲು ಬಿಟ್ಟಿರ್ತೀರಿ' ಅಂದೆ. ಅದೇ ನಾನು ಅವರಿಗೆ ಕೊನೇದಾಗಿ ಅಂದಿದ್ದು."

ಮೇಡಂ ಅತ್ತರು. ಆಕೆ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ನನ್ನೊಬ್ಬಳಿಗೆ ಅಡುಗೆಮನೇಲಿ ಹೇಳಿದ್ರೆ ಆಯ್ತಾ?" ಎಂದರು. "ಅವರನ್ನ ಆಡ್ಕೊಂಡು ನಗೋರೆಲ್ಲ ಹೊರಗೆ ಕೂತಿದಾರೆ. ವ್ಯಾನ್ ಬರೋದ್ರೊಳಗೆ ಅಲ್ಲಿ ಹೇಳಿ."

ಮೇಡಂ ಹೊರಗೆ ಬಂದರು. ಬಾಗಿಲ ಚೌಕಟ್ಟಿಗೆ ಒರಗಿ ಆಕೆ ನಿಂತದ್ದು ಬೆನ್ನಿಗೆ ತಿಳಿಯುತ್ತಿತ್ತು.

"ಎಲ್ಲರೂ ಸ್ವಲ್ಪ ಕೇಳಿ," ಎಂದರು. "ಇವರು ನನ್ನ ಥೀಸಿಸ್ಸಲ್ಲಿ ಸಾಲು ಬಿಟ್ರು ಅಂತ ನೀವೆಲ್ಲ ಹೇಳ್ತೀರಿ. ಅದು ಸುಳ್ಳು. ಬಿಟ್ಟಿದ್ದು ನಾನು. ಅದನ್ನ ಸರಿಮಾಡಿದ್ದು ಅವರು. ನನಗೆ ಆ ಗಣಿತಾನೂ ಗೊತ್ತಿರ್ಲಿಲ್ಲ, ಹೇಳಿಕೊಟ್ಟಿದ್ದು ಅವರೇ. ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು, ನಾನು ಸುಮ್ಮನಿದ್ದೆ. ಅವರಿಗೆ ಶಿಕ್ಷೆ ಆಗಿದ್ದು ನನ್ನಿಂದ."

ಮುದಿ ಬೈಂಡರ್ ಕಿವಿಗೆ ಕೈ ಅಡ್ಡ ಹಿಡಿದು, "ಪುಟ ಬಿಚ್ಚಿಸಿಕೊಂಡು ಹೋಗಿದ್ದು ಅವನೇ, ನನಗೆ ನೆನಪಿದೆ," ಎಂದ. "ನಾನೇ ಬಿಚ್ಚಿಕೊಟ್ಟೆ."

"ಅದೇ ಮತ್ತೆ," ಎಂದರು ಸೂಪರಿಂಟೆಂಡೆಂಟರು. ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತು. "ನೋಡಿದ್ರಾ? ನೋಡಿದ್ರೇನ್ರೀ ಎಲ್ಲ? ಇದಕ್ಕೆ ದೊಡ್ಡ ಮನಸ್ಸು ಅನ್ನೋದು. ಪಾಪ, ಸತ್ತ ಮನುಷ್ಯನ ಮೇಲೆ ಒಂದು ಮಾತು ಇರ್ಬಾರ್ದು ಅಂತ ತಪ್ಪನ್ನ ತಮ್ಮ ಮೇಲೆ ಎಳ್ಕೊಳ್ತಿದಾರೆ. ಅಷ್ಟು ದೊಡ್ಡ ವಿದ್ವಾಂಸರು! ನಮ್ಮ 'ಒಂಚೂರು' ಅವರಿಗೆ ಗಣಿತ ಹೇಳಿಕೊಟ್ನಂತೆ!"

"ಅಲ್ಲ, ನಾನು ಹೇಳ್ತಿರೋದು ನಿಜ..."

"ಸಾಕು ಮೇಡಂ, ಸಾಕು. ನಮಗೆ ಗೊತ್ತಾಗುತ್ತೆ." ಸೂಪರಿಂಟೆಂಡೆಂಟರು ಕೈಮುಗಿದರು. ಪಕ್ಕದವರೂ ಎದ್ದರು. ಕುರ್ಚಿಗಳು ಒಂದೊಂದಾಗಿ ಸರಿದವು. ಎಲ್ಲರೂ ಎದ್ದು ಮೇಡಂಗೆ ಕೈಮುಗಿದು ನಿಂತರು. "ಇನ್ಮೇಲೆ ಆ ವಿಷಯ ನಾವ್ಯಾರೂ ಎತ್ತಲ್ಲ, ಆಯ್ತಾ?"

ಮೇಡಂ ಹಿಂತಿರುಗಿ ನೋಡಿದರು. ಚೌಕಟ್ಟಿಗೆ ಒರಗಿದ್ದ ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಗಂಡನಿಗೆ ಸಲ್ಲಬೇಕಾದ ಮರ್ಯಾದೆ ಬೇರೆಯವರ ಪಾಲಾಗುವುದನ್ನು ಇನ್ನೊಮ್ಮೆ ನೋಡಿದವರ ದಣಿವು ಇತ್ತು. ಅಷ್ಟರಲ್ಲಿ ಕೆಳಗೆ ವ್ಯಾನಿನ ಹಾರನ್ನು ಕೇಳಿಸಿತು. ಭಾವಮೈದ, "ಹಿಡೀರಿ, ಹಿಡೀರಿ, ಕಾಲು ಮೊದಲು, ಗೋಡೆ ನೋಡ್ಕೊಂಡು!" ಎನ್ನುತ್ತ ಒಳಗೆ ಓಡಿದ.

ಮೂರು ಮಹಡಿ ಇಳಿಸುವಾಗ ಎಲ್ಲಿಯೂ ತಾಗಲಿಲ್ಲ. ಬೀದಿಯಲ್ಲಿ ಬಿಸಿಲು ಉರಿಯುತ್ತಿತ್ತು. ಎದುರಿನ ಸೈಕಲ್ ರಿಪೇರಿಯವನು ಪಂಪನ್ನು ಕೆಳಗಿಟ್ಟು ನಿಂತ. ವ್ಯಾನಿನ ಹಿಂಭಾಗದಲ್ಲಿ ಸ್ಟ್ರೆಚರಿಗೆ ಒಂದು ಪಕ್ಕ, ಕೂರುವವರಿಗೆ ಉದ್ದನೆಯ ತಗಡಿನ ಬೆಂಚು ಇನ್ನೊಂದು ಪಕ್ಕ. ಹೆಂಡತಿ, ಮಗಳು, ಭಾವಮೈದ ಹತ್ತಿದರು.

"ಮೇಡಂ ಮುಂದೆ ಕೂರ್ಲಿ, ಡ್ರೈವರ್ ಪಕ್ಕ," ಸೂಪರಿಂಟೆಂಡೆಂಟರು ಮುಂದಿನ ಬಾಗಿಲನ್ನು ತೆರೆದು ಹಿಡಿದರು. ತಮ್ಮ ಕರವಸ್ತ್ರದಿಂದ ಸೀಟಿನ ಧೂಳನ್ನೂ ಒರೆಸಿದರು. "ಬನ್ನಿ ಮೇಡಂ, ಇಲ್ಲಿ ಗಾಳಿ ಬರುತ್ತೆ."

ಮೇಡಂ ಆ ಒರೆಸಿದ ಸೀಟನ್ನು ನೋಡಿದರು. ಬಳಸಿಕೊಂಡು ಹಿಂದಕ್ಕೆ ನಡೆದು, ಎತ್ತರದ ಮೆಟ್ಟಿಲಿಗೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಬೆಂಚು ತುಂಬಿತ್ತು. ಹೆಂಡತಿ ಸರಿದು ಜಾಗ ಕೊಡಲಿಲ್ಲ. ಇಳಿಯಿರಿ ಎಂದೂ ಹೇಳಲಿಲ್ಲ. ಮೇಡಂ ಸ್ಟ್ರೆಚರಿನ ಪಕ್ಕ, ತಗಡಿನ ನೆಲದ ಮೇಲೆ, ಸೀರೆಯನ್ನು ಒತ್ತಿಕೊಂಡು ಕುಳಿತರು. ಬಾಗಿಲು ಮುಚ್ಚಿತು.

ಮುಖ್ಯರಸ್ತೆಗೆ ತಿರುಗುವಲ್ಲಿ ಚರಂಡಿಗೆಂದು ಅಗೆದು ಮುಚ್ಚಿದ ಜಾಗವಿತ್ತು. ವ್ಯಾನು ಕುಲುಕಿತು, ಸ್ಟ್ರೆಚರು ಬಾಗಿಲ ಕಡೆಗೆ ಒಂದು ಗೇಣು ಜಾರಿತು.

"ಹಿಡ್ಕೊಳ್ಳಿ," ಎಂದರು ಟೈಪಿಸ್ಟರ ಹೆಂಡತಿ.

ಮೇಡಂ ಮಂಡಿಯೂರಿ, ಸ್ಟ್ರೆಚರಿನ ಕಾದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡರು. ರಸ್ತೆ ಸಮತಟ್ಟಾದ ಮೇಲೂ ಬಿಡಲಿಲ್ಲ.